ಅಬ್ರಹಾಮ ನೀತಿವಂತನಾದದ್ದು ಯಾವಾಗ?

ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದಲೋ ಕ್ರಿಯೆಯಿಂದಲೋ ಎಂಬ ಚರ್ಚೆ ಎಲ್ಲಿ ಶುರುವಾದರೂ ಕೊನೆಗೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15:6ಕ್ಕೇ ಬಂದು ನಿಲ್ಲುತ್ತದೆ. ಮಕ್ಕಳಿಲ್ಲದ ಅಬ್ರಾಮನಿಗೆ (ಅಬ್ರಹಾಮನ ಮೊದಲಿನ ಹೆಸರು) ದೇವರು ನಕ್ಷತ್ರಗಳನ್ನು ತೋರಿಸಿ, ನಿನ್ನ ಸಂತತಿ ಅಷ್ಟಾಗುವುದು ಅಂದ. ಅಬ್ರಾಮ ನಂಬಿದ. ಅದು ನೀತಿಯೆಂದು ಎಣಿಕೆಯಾಯಿತು.

ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಕೇಳುವುದು ಸರಳ ಪ್ರಶ್ನೆ: ಇದು ಸುನ್ನತಿಗೆ ಮೊದಲೋ, ಆಮೇಲೋ? ಆದಿಕಾಂಡದ ಪುಟ ತಿರುಗಿಸಿ ನೋಡಿ. ಮಗ ಇಷ್ಮಾಯೇಲ ಹುಟ್ಟಿದಾಗ ಅಬ್ರಾಮನಿಗೆ 86 ವರ್ಷ (16:16), ಸುನ್ನತಿಯಾದಾಗ 99 (17:24). ನಕ್ಷತ್ರಗಳ ರಾತ್ರಿ ಇವೆರಡಕ್ಕೂ ಮುಂಚಿನದು. ಅಂದರೆ ಕಥೆಯ ಕ್ರಮದಲ್ಲಿ ಕನಿಷ್ಠ 13 ವರ್ಷಗಳ ಅಂತರ. ಸುನ್ನತಿಯಿಲ್ಲದವನನ್ನೇ ದೇವರು ನೀತಿವಂತನೆಂದು ಎಣಿಸಿದ ಮೇಲೆ, ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿಯನ್ನು ಕಡ್ಡಾಯ ಮಾಡುವುದು ಯಾವ ನ್ಯಾಯ? ಗಲಾತ್ಯದವರಿಗೆ ಬರೆಯುವಾಗ ಇದೇ ವಾದವನ್ನು ಇನ್ನೂ ಮುಂದೆ ಒಯ್ಯುತ್ತಾನೆ: ಮೋಶೆಯ ಧರ್ಮಶಾಸ್ತ್ರ ಬಂದದ್ದು ವಾಗ್ದಾನವಾದ 430 ವರ್ಷಗಳ ನಂತರ (3:17), ಹಿಂದೆ ಕೊಟ್ಟ ಮಾತನ್ನು ಅದು ರದ್ದು ಮಾಡಲಾರದು.

ಓದುಗರು ಎಡವುವುದು ಇಲ್ಲೇ. ಪೌಲನ ಎದುರಿಗಿದ್ದ ಜಗಳ ಸುನ್ನತಿಯದ್ದೆಂಬುದನ್ನು ಮರೆತರೆ, ಅವನು ಒಳ್ಳೆಯ ನಡತೆಯನ್ನೇ ತಳ್ಳಿಹಾಕಿದ ಹಾಗೆ ಕೇಳಿಸುತ್ತದೆ. ಅದೇ ಗಲಾತ್ಯದ ಪತ್ರಿಕೆಯಲ್ಲಿ ಪ್ರೀತಿಯಿಂದ ಕೆಲಸ ನಡೆಸುವ ನಂಬಿಕೆಯ ಮಾತು ಬರುತ್ತದೆ (5:6). ಆ ವಚನವನ್ನು ಬಿಟ್ಟು ಪೌಲನನ್ನು ಬೋಧಿಸಬಾರದು.

ಹೊಸ ಒಡಂಬಡಿಕೆಯ ಪತ್ರಿಕೆಕಾರನಾದ ಯಾಕೋಬ ಅದೇ 15:6ನ್ನು ಹಿಡಿದು ಆದಿಕಾಂಡದ 22ನೇ ಅಧ್ಯಾಯಕ್ಕೆ ಹೋಗುತ್ತಾನೆ. ಅಬ್ರಹಾಮ ತನ್ನ ಮಗ ಇಸಾಕನನ್ನು ಯಜ್ಞವೇದಿಯ ಮೇಲೆ ಅರ್ಪಿಸಿದಾಗ ಆ ವಚನ ನೆರವೇರಿತು ಅನ್ನುತ್ತಾನೆ (ಯಾಕೋಬ 2:21-23). ಇದು ಅವನೊಬ್ಬನ ಓದಲ್ಲ. ಅದಕ್ಕೂ ಹಳೆಯದಾದ ಮಕ್ಕಬಿಯರ ಮೊದಲನೆಯ ಪುಸ್ತಕವೂ (2:52), ಪರೀಕ್ಷೆಯಲ್ಲಿ ಅಬ್ರಹಾಮ ನಂಬಿಗಸ್ತನಾಗಿ ಕಂಡುಬಂದದ್ದೇ ನೀತಿಯೆಂದು ಎಣಿಕೆಯಾಯಿತು ಎನ್ನುತ್ತದೆ. 106ನೇ ಕೀರ್ತನೆಯಲ್ಲಂತೂ ಇದೇ ಮಾತು ಯಾಜಕ ಫೀನೆಹಾಸನಿಗೆ ಸಲ್ಲುತ್ತದೆ, ಅದೂ ಅವನು ಮಾಡಿದ ಕೃತ್ಯಕ್ಕಾಗಿ (30-31). ಪೌಲ ಈ ಕೀರ್ತನೆಯನ್ನು ತನ್ನ ವಾದದಲ್ಲಿ ಎತ್ತುವುದಿಲ್ಲ. ಯಾಕೋಬ ಬಯ್ಯುವುದು ಬಾಯಿಮಾತಿನ ನಂಬಿಕೆಯನ್ನು: ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವಲ್ಲ (2:19)! ಪೌಲ ಹೇಳುವ ನಂಬಿಕೆ ಅಂಥದ್ದಲ್ಲ. ಹಾಗಾಗಿ ಇಬ್ಬರೂ ಎದುರುಬದುರು ನಿಂತಿದ್ದಾರೆಂದು ನನಗೆ ಅನ್ನಿಸುವುದಿಲ್ಲ.

ಯೆಹೂದ್ಯರು ಪುಣ್ಯ ಸಂಪಾದಿಸಿ ದೇವರನ್ನು ಒಲಿಸಿಕೊಳ್ಳುತ್ತಾರೆ ಎಂಬ ಮಾತು ಕ್ರೈಸ್ತರ ನಡುವೆ ಇನ್ನೂ ಓಡಾಡುತ್ತಿದೆ. ಅದು ತಪ್ಪು. ದಶಾಜ್ಞೆಗಳು ಶುರುವಾಗುವುದೇ ಐಗುಪ್ತದ ದಾಸತ್ವದಿಂದ ಬಿಡಿಸಿದವನು ನಾನು ಎಂಬ ಮಾತಿನಿಂದ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ನಮ್ಮ ನೀತಿಯನ್ನು ನೆಚ್ಚಿಕೊಂಡಲ್ಲ, ನಿನ್ನ ಮಹಾಕರುಣೆಯನ್ನೇ ನಂಬಿ ಬೇಡುತ್ತೇವೆ ಎಂಬ ದಾನಿಯೇಲನ ಮಾತು (9:18) ಯೆಹೂದ್ಯರ ಬೆಳಗಿನ ಪ್ರಾರ್ಥನೆಯಲ್ಲೇ ಇದೆ. ರಬ್ಬಿಗಳ (ಯೆಹೂದ್ಯ ಗುರುಗಳ) ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನ ಮಕ್ಕೋತ್ ಭಾಗದ 24ನೇ ಹಾಳೆಯಲ್ಲಿ ಧರ್ಮಶಾಸ್ತ್ರದ 613 ಆಜ್ಞೆಗಳನ್ನು ದಾವೀದ 11ಕ್ಕೆ ಇಳಿಸುತ್ತಾನೆ, ಮೀಕ 3ಕ್ಕೆ, ಕೊನೆಗೆ ಹಬಕ್ಕೂಕ ಒಂದೇ ಒಂದಕ್ಕೆ: ನೀತಿವಂತನು ತನ್ನ ನಂಬಿಕೆಯಿಂದ ಬದುಕುವನು. ಪೌಲ ರೋಮಾಪುರದವರಿಗೆ 1:17ರಲ್ಲಿ ಎತ್ತಿಕೊಂಡದ್ದೂ ಇದೇ ವಚನ. ವ್ಯತ್ಯಾಸವೆಂದರೆ, ರಬ್ಬಿಗಳಿಗೆ ಆ ಒಂದು ಮಾತು ಆ 613ನ್ನು ಕೈಬಿಡಲು ಅಪ್ಪಣೆಯಲ್ಲ. ಹೊಸ ಒಡಂಬಡಿಕೆಯ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ 1977ರಲ್ಲಿ, ಯೆಹೂದ್ಯರ ಪಾಲಿಗೆ ಒಡಂಬಡಿಕೆಯೊಳಗೆ ಸೇರುವುದು ಕೃಪೆಯಿಂದ, ಆಜ್ಞೆ ಪಾಲಿಸುವುದು ಅದರಲ್ಲಿ ಉಳಿಯಲಿಕ್ಕೆ ಎಂದು ವಿವರವಾಗಿ ತೋರಿಸಿದ ಮೇಲೆ ಪೌಲನ ಅಧ್ಯಯನದ ದಿಕ್ಕೇ ಬದಲಾಯಿತು.

ಪಾಶ್ಚಾತ್ಯ ಸಭೆಯ ಒಡಕಿನ ಕಥೆ ಬೇರೆ. 1547ರಲ್ಲಿ ಕ್ಯಾಥೋಲಿಕರ ಟ್ರೆಂಟ್ ಮಹಾಸಭೆ ನಂಬಿಕೆ ಮಾತ್ರದಿಂದ ಎಂಬ, ಸುಧಾರಕ ಲೂಥರನ ಪಕ್ಷದ ಬೋಧನೆಯನ್ನು ಖಂಡಿಸಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕರೂ ಲೂಥರನರೂ ಜಂಟಿ ಘೋಷಣೆಗೆ ಸಹಿ ಹಾಕಿ, ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂದು ಒಪ್ಪಿಕೊಂಡರು. ನೀತಿವಂತನೆಂದು ಎಣಿಕೆಯಾದವನು ಆಮೇಲೂ ಪಾಪಿಯೇ ಎಂಬ ಲೂಥರನರ ಮಾತನ್ನು ಮಾತ್ರ ಅಲ್ಲಿ ಎರಡೂ ಕಡೆಯವರು ತಂತಮ್ಮ ರೀತಿಯಲ್ಲೇ ವಿವರಿಸಿದ್ದಾರೆ.