ಬಾಯಾರಿನ ದಾರಿಯಲ್ಲಿ ಕಂಡ ಬಾವಿ ಪಾಠ

ಹೊರಟದ್ದು ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ಗುಡ್ಡಕ್ಕೆ. ತುಳುನಾಡಿನ ಹೊಸವರ್ಷದ ಹಬ್ಬ ಬಿಸು ಆಗಷ್ಟೇ ಮುಗಿದಿತ್ತು, ಶಾಲೆಗಳಿಗೆ ರಜೆ, ಬಸ್ಸುಗಳಲ್ಲಿ ನೆಂಟರ ಮನೆಯಿಂದ ವಾಪಸ್ ಹೋಗುವವರ ಗಡಿಬಿಡಿ. ಅದಕ್ಕೆ ಮೊದಲು ಬೇಕಲ ಕೋಟೆ, ಮಧೂರು, ಅನಂತಪುರದ ಕೆರೆ ದೇವಸ್ಥಾನ ಎಲ್ಲ ನೋಡಿದ್ದಾಗಿತ್ತು. ಬೇಕಲದಲ್ಲಿ ಜನ ಜಾಸ್ತಿ, ನನಗೆ ಹಿಡಿಸಲಿಲ್ಲ. ಅನಂತಪುರ ತುಂಬಾ ಇಷ್ಟವಾಯಿತು. ಆದರೆ ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕೆಂದಿರುವುದು ಬಾಯಾರಿನ ಕಡೆ ಒಂದು ಶಾಲೆಯ ಮೈದಾನದಲ್ಲಿ ನೋಡಿದ್ದನ್ನು.

ಉಪ್ಪಳದಿಂದ ಬಾಯಾರಿನ ಬಸ್ಸು ಹತ್ತಿದ್ದೆ. ಮೇಲೆ ಹೋಗುತ್ತಿದ್ದ ಹಾಗೆ ಗುಡ್ಡಗಳ ಮೇಲೆ ಅಲ್ಲಲ್ಲಿ ಕಪ್ಪು ಕಪ್ಪು. ಮುಳಿಹುಲ್ಲು ಸುಟ್ಟುಹೋದ ಜಾಗ ಅದು. ಏಪ್ರಿಲ್‌ನಲ್ಲಿ ಅಲ್ಲಿನ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ದಾರಿಯಲ್ಲಿ ಪುನರ್ಪುಳಿ ಶರಬತ್ತು ಕುಡಿಯೋಣ ಎಂದು ಇಳಿದೆ (ಒಳ್ಳೆಯ ಪುನರ್ಪುಳಿ ಸಿಗುವ ಕಡೆ ಬಾಟಲಿ ಜ್ಯೂಸ್ ಕೇಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು). ಅಂಗಡಿಯ ಎದುರಿನ ಶಾಲೆಯ ಗೇಟಿನೊಳಗೆ ಕೆಂಪು ಫೈರ್ ಇಂಜಿನ್ ನಿಂತಿತ್ತು. ಗಾಬರಿಯಾಗಿ ಕೇಳಿದೆ. "ಬೆಂಕಿ ಅಲ್ಲ ಮಾರಾಯ್ರೇ, ಕ್ಲಾಸು" ಎಂದರು ಅಂಗಡಿಯವರು. "ಹೋಗಿ ನೋಡಿ, ಯಾರೂ ಬೇಡ ಹೇಳುವುದಿಲ್ಲ."

ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ, ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದ ಸಿಬ್ಬಂದಿಯೇ ಹತ್ತಾರು ಜನ ಸತ್ತರು. ಅವರ ನೆನಪಿಗೆ ಈ ವಾರ. ಇಷ್ಟು ನನಗೆ ಗೊತ್ತಿತ್ತು. ಭಾಷಣ, ಮೌನಾಚರಣೆ, ಒಂದು ಫೋಟೋ ಇರುತ್ತದೆ ಅಂದುಕೊಂಡು ಒಳಗೆ ಹೋದೆ. ನೋಡಿದರೆ ಹೆಂಗಸರು, ಅಡಿಕೆ ತೋಟದ ಕೆಲಸದವರು, ಆಟೋ ಓಡಿಸುವ ಹುಡುಗರು ಎಲ್ಲ ಸೇರಿ ಮೈದಾನದ ಮೂಲೆಯ ಬಾವಿ ಸುತ್ತ ನಿಂತಿದ್ದಾರೆ.

ಗ್ಯಾಸ್ ಸಿಲಿಂಡರಿನ ಪಾಠ ಮುಗಿದಿತ್ತು. ಒದ್ದೆ ಗೋಣಿ ಇನ್ನೂ ಅಲ್ಲೇ ಬಿದ್ದಿತ್ತು. ಈಗ ಬಾವಿಯ ಸರದಿ.

ತರಬೇತಿ ಕೊಡುತ್ತಿದ್ದ ಅಧಿಕಾರಿ ಮೊದಲು ಒಂದು ಪ್ರಶ್ನೆ ಕೇಳಿದರು. ಬಾವಿ ಕೆಸರು ತೆಗೆಯಲು ಒಬ್ಬ ಇಳಿದಿದ್ದಾನೆ. ಕರೆದರೆ ಮಾತಿಲ್ಲ. ಏನು ಮಾಡುತ್ತೀರಿ? ಒಬ್ಬ ಹುಡುಗ ತಕ್ಷಣ "ಇಳಿಯುತ್ತೇನೆ" ಎಂದ. "ಹಾಗಾದರೆ ನಾವು ಇಬ್ಬರನ್ನು ಎತ್ತಬೇಕು" ಎಂದರು ಅವರು. ಯಾರೂ ನಗಲಿಲ್ಲ. ಬಾವಿಯ ತಳದಲ್ಲಿ ಇಂಗಾಲದ ಡೈಆಕ್ಸೈಡ್ ಕೂತಿರುತ್ತದೆ, ಅದು ಗಾಳಿಗಿಂತ ಭಾರ, ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ. ಬಾವಿಯೊಳಗೆ ಡೀಸೆಲ್ ಪಂಪ್ ಇಟ್ಟು ಓಡಿಸಿದರಂತೂ ಹೊಗೆಯೇ ವಿಷ. ಮೊದಲನೆಯವನು ಬಿದ್ದದ್ದು ನೋಡಿ ಅಣ್ಣ ಇಳಿಯುತ್ತಾನೆ, ಅಣ್ಣನನ್ನು ನೋಡಿ ಪಕ್ಕದ ಮನೆಯವನು. "ಎರಡನೆಯವನನ್ನು ಹಿಡಿದು ನಿಲ್ಲಿಸುವುದೇ ನಿಮ್ಮ ಕೆಲಸ. 101ಕ್ಕೆ ಫೋನ್ ಮಾಡಿ, ಅವನ ಕೈ ಬಿಡಬೇಡಿ."

ಆಮೇಲೆ ಒಂದು ದೀಪವನ್ನು ಬಕೆಟ್ಟಿನಲ್ಲಿಟ್ಟು ಹಗ್ಗದಲ್ಲಿ ಕೆಳಗೆ ಬಿಟ್ಟರು. ದೀಪ ಆರಿದರೆ ಇಳಿಯುವ ಮಾತೇ ಇಲ್ಲ. ಆದರೆ ಆರಲಿಲ್ಲ ಅಂತ ಧೈರ್ಯ ಮಾಡುವ ಹಾಗೂ ಇಲ್ಲ, ಕೆಲವು ವಿಷಾನಿಲಗಳನ್ನು ದೀಪ ತೋರಿಸುವುದೇ ಇಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರು. ಸಿಬ್ಬಂದಿಯಲ್ಲಿ ಒಬ್ಬರು ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಇಳಿದರು. ಅದರಲ್ಲಿ ಗಾಳಿ ಕಡಿಮೆಯಾದರೆ ಒಂದು ಸೀಟಿ ತಾನಾಗಿ ಕೂಗುತ್ತದೆ, ಕೂಗಿದ ಮೇಲೆ ಯಾವ ಕೆಲಸ ಅರ್ಧಕ್ಕೆ ನಿಂತಿದ್ದರೂ ಮೇಲೆ ಬರಲೇಬೇಕು. ಕೆಳಗಿದ್ದ ಗೊಂಬೆಯನ್ನು ಬಲೆಗೆ ಹಾಕಿ ಕಟ್ಟಿದರು. ಮೇಲೆ ಎಳೆದದ್ದು ಮಾತ್ರ ಊರಿನವರು. ಹಗ್ಗ ಹಿಡಿದ ಹೆಂಗಸೊಬ್ಬರ ಅಂಗೈ ಕೆಂಪಾಗಿತ್ತು. "ಎಳೀರಿ" ಅಂದಾಗ ಎಳೆಯುವುದು, "ನಿಲ್ಲಿ" ಅಂದಾಗ ಅಲ್ಲೇ ನಿಲ್ಲುವುದು. ಕೇಳಲು ಸುಲಭ ಅಲ್ವಾ? ಮೊದಲ ಸಲ ಬಲೆ ಬಾವಿಯ ಕಟ್ಟೆಗೆ ಬಡಿಯಿತು. ಮತ್ತೆ ಮಾಡಿಸಿದರು. ಮತ್ತೆ. ಸರಿಯಾಗುವವರೆಗೂ ಬಿಡಲಿಲ್ಲ.

ಅಂಗೈ ಕೆಂಪಾದ ಆ ಅಕ್ಕನ ಜೊತೆ ಆಮೇಲೆ ಜಗಲಿಯಲ್ಲಿ ಕೂತು ಮಾತಾಡಿದೆ. ಪೈವಳಿಕೆ ಕಡೆಯವರು, ಸಿವಿಲ್ ಡಿಫೆನ್ಸ್ ಸ್ವಯಂಸೇವಕಿ. 2018, 2019ರ ನೆರೆ ಆದ ಮೇಲೆ ಕೇರಳ ಸರ್ಕಾರ ಶುರುಮಾಡಿದ ಸ್ವಯಂಸೇವಕರ ಪಡೆ ಇದು. ಆಗ ರಾಜ್ಯದಲ್ಲಿದ್ದ 124 ಅಗ್ನಿಶಾಮಕ ಠಾಣೆಗಳಿಗೆ ತಲಾ 50 ಜನ ಊರವರು, ಒಟ್ಟು 6,200 ಜನ ಎಂಬ ಲೆಕ್ಕ. ತರಬೇತಿ ಕೊಡುವುದು ಕೇರಳ ಫೈರ್ ಆಂಡ್ ರೆಸ್ಕ್ಯೂ ಇಲಾಖೆಯೇ. ಇಲಾಖೆಯವರು ಕಲಿಯುವುದು ತ್ರಿಶೂರಿನ ವಿಯ್ಯೂರಿನ ಅಕಾಡೆಮಿಯಲ್ಲಿ. ಅಲ್ಲಿ ಕಲಿತದ್ದು ಠಾಣೆಗೆ ಬಂದು, ಠಾಣೆಯಿಂದ ಈ ಮೈದಾನಕ್ಕೆ ಬರುತ್ತದೆ. ನನಗೆ ಆಶ್ಚರ್ಯವಾದದ್ದು ಇದೇ. ರಾಜ್ಯದ ರಾಜಧಾನಿ ಈ ಊರಿಗೆ ಎಷ್ಟು ದೂರ! ಅಷ್ಟು ದೂರದ ಒಂದು ಇಲಾಖೆಯ ಪಾಠ ಬಾಯಾರಿನ ಬಾವಿಕಟ್ಟೆಯವರೆಗೆ ಬಂದು ಮುಟ್ಟಿದೆ.

"ಉಪ್ಪಳದಿಂದ ಗಾಡಿ ಹೊರಟರೂ ನಮ್ಮ ಒಳದಾರಿಗೆ ಬರಲು ಹೊತ್ತು ಉಂಟು ಅಣ್ಣ" ಎಂದರು ಅಕ್ಕ. "ದೊಡ್ಡ ಗಾಡಿ ತೋಟದ ದಾರಿಗೆ ತಿರುಗುವುದೇ ಇಲ್ಲ. ಅವರು ಬರುವವರೆಗೆ ನಾವು ಜನ ದೂರ ಮಾಡಬೇಕು, ಕರೆಂಟು ತೆಗೆಸಬೇಕು, ಗೇಟಿನ ಹತ್ತಿರ ಒಬ್ಬರನ್ನು ನಿಲ್ಲಿಸಿ ದಾರಿ ತೋರಿಸಬೇಕು." ಕಳೆದ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹಸಿ ಸೊಪ್ಪಿನಿಂದ ಬಡಿದು ತೋಟದ ಅಂಚಿನಲ್ಲೇ ತಡೆದಿದ್ದರಂತೆ. ಗಾಳಿಗೆ ಎದುರಾಗಿ ನಿಲ್ಲಬಾರದು ಎಂದು ತರಬೇತಿಯಲ್ಲೇ ಗೊತ್ತಾದದ್ದು ಎಂದರು.

ಅಧಿಕಾರಿ ಮಾತಾಡುತ್ತಿದ್ದದ್ದು ಮಲಯಾಳದಲ್ಲಿ. ಹಿಂದೆ ನಿಂತ ಅಜ್ಜಿಯಂದಿರಿಗೆ ಇದೇ ಅಕ್ಕ ಕನ್ನಡದಲ್ಲಿ, ತುಳುವಿನಲ್ಲಿ ಹೇಳುತ್ತಿದ್ದರು. ಕೈಗೆ ಕೊಟ್ಟ ಚೀಟಿ ಮಾತ್ರ ಮಲಯಾಳದ್ದು. ಮಂಜೇಶ್ವರ ತಾಲೂಕಿನಲ್ಲಿ ಕನ್ನಡದಲ್ಲೂ ಒಂದು ಚೀಟಿ ಬೇಕೇ ಬೇಕು. ಇಷ್ಟು ಚೆನ್ನಾಗಿ ಕಲಿಸುವವರು ಅದನ್ನೂ ಮಾಡಲಿ ಎಂಬುದು ನನ್ನ ಆಸೆ.

ಇದನ್ನೆಲ್ಲ ನೋಡಿದ ಮೇಲೆ ಹಿಂದಿನ ರಾತ್ರಿಯ ಸಿಟ್ಟು ಮತ್ತೆ ಏರಿತು. ನಾನು ಉಳಿದಿದ್ದ ಲಾಡ್ಜ್ ಮೂರು ಮಹಡಿಯದ್ದು. ಹಿಂದಿನ ಮೆಟ್ಟಿಲಿನ ತುಂಬ ಹಳೆ ಹಾಸಿಗೆ ಪೇರಿಸಿದ್ದರು, ಬಾಗಿಲಿಗೆ ಬೀಗ. ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಕೆಂಪಿಗೆ ಇಳಿದಿತ್ತು. ಹೇಳಿದರೆ "ಏನೂ ಆಗುವುದಿಲ್ಲ ಸರ್" ಎಂಬ ಉತ್ತರ. ರೂಮಿಗೆ ದುಡ್ಡು ಕೊಡುವ ಮುಂಚೆ ಎರಡನೇ ಮೆಟ್ಟಿಲು ಎಲ್ಲಿದೆ, ತೆರೆಯುತ್ತದಾ, ಆ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಇಲ್ಲದಿದ್ದರೆ ಬೇರೆ ಕಡೆ ಹೋಗಿ. ಟಿವಿ, ಗೀಸರ್ ಎಲ್ಲ ಆಮೇಲೆ.

ಕೊನೆಗೆ ಅಕ್ಕ ಎದ್ದು ಅಧಿಕಾರಿಯ ಹತ್ತಿರ ಹೋದರು. ಅವರ ತೋಟದ ನೀರು ಸುರಂಗದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದು, ಬಗ್ಗಿ ಒಳಗೆ ಹೋಗುವಷ್ಟೇ ಜಾಗ, ಒಳಗಿಂದ ಸಣ್ಣಗೆ ಹರಿದು ಬರುವ ನೀರು. ಕಾಸರಗೋಡಿನ ಈ ಭಾಗದಲ್ಲಿ ಸುರಂಗ ನಂಬಿಯೇ ಬದುಕುವ ಮನೆಗಳು ಎಷ್ಟೋ ಇವೆ. "ಬಾವಿ ಸರಿ ಸಾರ್. ಸುರಂಗದ ಒಳಗೆ ಮಣ್ಣು ಕುಸಿದರೆ? ಅಲ್ಲಿ ಬಲೆ ಇಳಿಸಲು ಆಗುವುದಿಲ್ಲ ಅಲ್ಲವಾ?"

ಅಧಿಕಾರಿ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಎಷ್ಟು ಉದ್ದ, ಎಷ್ಟು ಎತ್ತರ, ಗಾಳಿಗುಂಡಿ (ಗಾಳಿ ಆಡಲು ಮೇಲಿನಿಂದ ತೋಡಿದ ಗುಂಡಿ) ಇದೆಯಾ ಎಂದು ಒಂದೊಂದಾಗಿ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. "ನಾವು ಒಮ್ಮೆ ಒಳಗೆ ಹೋಗಿ ನೋಡಬೇಕು. ಮಳೆ ಹಿಡಿಯುವ ಮೊದಲು ಬರುತ್ತೇವೆ, ಸುರಂಗ ಕೊರೆದು ಗೊತ್ತಿರುವ ಒಬ್ಬರನ್ನು ಕರೆದಿಡಿ, ನಮಗೆ ಅವರು ಹೇಳಿಕೊಡಲಿ" ಎಂದರು. ಅಕ್ಕ ಅಲ್ಲೇ ಫೋನ್ ತೆಗೆದು ಯಾರಿಗೋ ಕರೆ ಮಾಡಿದರು.

ಪೊಸಡಿಗುಂಪೆ ಹತ್ತುವಷ್ಟು ಹೊತ್ತು ಉಳಿದಿರಲಿಲ್ಲ. ಸುರಂಗ ನೋಡಲು ಅವರು ಬರುವ ದಿನ ತಿಳಿಸಿ ಎಂದು ಅಕ್ಕನಿಗೆ ನಂಬರು ಕೊಟ್ಟು ಬಂದಿದ್ದೇನೆ. ಕರೆ ಬಂದರೆ ರಜೆ ಹಾಕಿಯಾದರೂ ಹೋಗುತ್ತೇನೆ, ಗುಡ್ಡವನ್ನೂ ಆಗಲೇ ಹತ್ತುತ್ತೇನೆ.