ಕಂದನಕಾಯಿ, ಗುಂಡಿಗೆ, ಲಿವರ್: ಮೂರಕ್ಕೂ ಬೇರೆ ಬೇರೆ ಉರಿ

ಕೋಳಿ ಅಂಗಡಿಯಲ್ಲಿ ಅರ್ಧ ಕಿಲೋ ಲಿವರ್-ಗಿಜರ್ಡ್ ಕೊಡಿ ಎಂದು ಕೇಳಿದರೆ ಒಂದೇ ಚೀಲದಲ್ಲಿ ಮೂರು ಬಗೆಯ ಮಾಂಸ ಬರುತ್ತದೆ: ಕಡುಗೆಂಪಾದ ಮೆತ್ತನೆಯ ಲಿವರ್, ಹೆಬ್ಬೆರಳಿನ ತುದಿಯಷ್ಟಿರುವ ಗುಂಡಿಗೆಗಳು, ಮತ್ತು ಕೋಲಾರದ ಕಡೆಯವರಾದ ನಾವು ತೆಲುಗಿನಿಂದ ಪಡೆದ ಹೆಸರಿನಲ್ಲಿ ಕಂದನಕಾಯಿ ಎಂದು ಕರೆಯುವ ಗಿಜರ್ಡ್. ಒಂದೇ ಚೀಲದಲ್ಲಿ ಬಂದುದನ್ನು ಒಂದೇ ಹೊತ್ತಿಗೆ ಬಾಣಲೆಗೆ ಸುರಿಯುವುದರಿಂದಲೇ ಈ ಅಡುಗೆ ಹೆಚ್ಚಾಗಿ ಕೆಡುತ್ತದೆ ಎಂಬುದು ನನ್ನ ಅನುಭವ. ಬೆಂಗಳೂರಿಗೆ ಬಂದು ಸ್ವಂತ ಒಲೆ ಹಚ್ಚಿದ ಮೊದಲ ವರ್ಷ ನಾನೂ ಹಾಗೆಯೇ ಮಾಡುತ್ತಿದ್ದೆ. ಕಂದನಕಾಯಿ ಬೇಯುವಷ್ಟರಲ್ಲಿ ಲಿವರ್ ಒಣಗಿ ಪುಡಿಪುಡಿಯಾಗುತ್ತಿತ್ತು. ಲಿವರ್ ಹದಕ್ಕೆ ಬಂದಾಗ ಇಳಿಸಿದರೆ ಕಂದನಕಾಯಿಯನ್ನು ಅಗಿಯಲಾಗುತ್ತಿರಲಿಲ್ಲ.

ಕಂದನಕಾಯಿ ಏಕೆ ಅಷ್ಟು ಗಟ್ಟಿ ಎಂಬುದು ನಮ್ಮಜ್ಜಿ ನಾಟಿ ಕೋಳಿಯನ್ನು ಹಸನು ಮಾಡುವಾಗ ಪಕ್ಕದಲ್ಲಿ ಕುಳಿತು ನೋಡಿದವರಿಗೆಲ್ಲ ತಿಳಿದಿತ್ತು. ಆಕೆ ಅದನ್ನು ಈಳಿಗೆಮಣೆಯ ಅಲಗಿಗೆ ಒತ್ತಿ ಸೀಳಿದರೆ ಒಳಗಿನಿಂದ ಅರೆದ ರಾಗಿ, ಹುಲ್ಲಿನ ಎಳೆಗಳು, ಬೆಣಚು ಕಲ್ಲಿನ ಹರಳುಗಳು, ಒಮ್ಮೊಮ್ಮೆ ಬಳೆಚೂರೂ ಹೊರಬರುತ್ತಿದ್ದವು. ಹಲ್ಲಿಲ್ಲದ ಹಕ್ಕಿಯು ನುಂಗಿದ ಕಾಳನ್ನು ಈ ಸ್ನಾಯುವಿನ ಚೀಲದಲ್ಲಿ, ತಾನೇ ನುಂಗಿದ ಕಲ್ಲುಗಳ ನೆರವಿನಿಂದ ಅರೆದುಕೊಳ್ಳುತ್ತದೆ; ಜೀವಮಾನವಿಡೀ ಬೀಸುವ ಕಲ್ಲಿನಂತೆ ದುಡಿದ ಸ್ನಾಯು ಕ್ಷಣದಲ್ಲಿ ಮೆತ್ತಗಾಗುವುದಿಲ್ಲ. ಸುಮಾರು ಆರು ವಾರಕ್ಕೆ ಅಂಗಡಿ ಸೇರುವ, ಪುಡಿ ಆಹಾರ ತಿಂದು ಬೆಳೆದ ಬ್ರಾಯ್ಲರ್ ಕೋಳಿಯಲ್ಲಿ ಕಲ್ಲು ಸಿಗುವುದು ಅಪರೂಪ, ಆದುದರಿಂದ ಅದರ ಕಂದನಕಾಯಿ ಬೇಗ ಬೇಯುತ್ತದೆ. ನಾಟಿ ಹೇಂಟೆಯಾದರೆ ಅದರ ಹೊಟ್ಟೆಯೊಳಗಿನ ಇಡದ ಮೊಟ್ಟೆಗಳ ಹಳದಿ ಗೊಂಚಲಿಗೆ ನಾವು ಮಕ್ಕಳೆಲ್ಲ ಜಗಳವಾಡುತ್ತಿದ್ದೆವು. ಅಂಗಡಿಯ ಚೀಲದಲ್ಲಿ ಆ ಸುಖವಿಲ್ಲ.

ಹಸನು ಮಾಡುವಾಗ ಅವಸರ ಸಲ್ಲದು. ಕಂದನಕಾಯಿಯ ಒಳಗೋಡೆಗೆ ಅಂಟಿರುವ, ಸುಕ್ಕುಗಟ್ಟಿದ ಹಳದಿ ಪೊರೆಯನ್ನು ಅಂಗಡಿಯವರು ಬಹುಮಟ್ಟಿಗೆ ತೆಗೆದಿರುತ್ತಾರಾದರೂ ಅಂಚಿನಲ್ಲಿ ಚೂರು ಉಳಿದಿರುತ್ತದೆ. ಅದನ್ನು ಉಗುರಿನಿಂದ ಎತ್ತಿ ಎಳೆದುಬಿಡಬೇಕು. ಗುಂಡಿಗೆಯನ್ನು ಉದ್ದಕ್ಕೆ ಸೀಳಿ, ಒಳಗೆ ಹೆಪ್ಪುಗಟ್ಟಿದ ರಕ್ತವನ್ನೂ ಮೇಲಿನ ಬಿಳಿ ನಾಳಗಳನ್ನೂ ತೆಗೆಯಬೇಕು. ಲಿವರ್‌ನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಪಿತ್ತದ ಕಲೆ. ಅದರ ಮಗ್ಗುಲಿನಲ್ಲೇ ಇರುವ ಹಸಿರು ಪಿತ್ತಕೋಶ ಕೋಳಿಯನ್ನು ಕತ್ತರಿಸುವಾಗ ಒಡೆದಿದ್ದರೆ ತಾಗಿದ ಭಾಗ ಹಸಿರಾಗಿರುತ್ತದೆ, ಅದನ್ನು ತೊಳೆದರೆ ಸಾಲದು, ಕೊಯ್ದು ಎಸೆಯಲೇಬೇಕು. ಒಂದು ಚೂರು ಉಳಿದರೂ ಇಡೀ ಪಲ್ಯ ಕಹಿಯಾಗುತ್ತದೆ. ಹೊಳಪಿರುವ, ಮುಟ್ಟಿದರೆ ಬಿಗಿಯಾಗಿರುವ ಲಿವರನ್ನೇ ಆರಿಸಿಕೊಳ್ಳಿ. ಬಿಳಿ ಚುಕ್ಕೆಗಳಿರುವುದನ್ನು, ವಾಸನೆ ಬಂದದ್ದನ್ನು ನಾನು ಕೊಳ್ಳುವುದಿಲ್ಲ. ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ಹಸಿಮಾಂಸದ ನೀರು ಸುತ್ತಲಿನ ಪಾತ್ರೆಗಳಿಗೆಲ್ಲ ಸಿಡಿಯುತ್ತದೆ, ಹಾಗಾಗಿ ಆಳವಾದ ಬಟ್ಟಲಿನ ನೀರಿನಲ್ಲಿ ಅರಿಸಿನ ಹಾಕಿ ಮೆಲ್ಲಗೆ ಜಾಲಿಸುತ್ತೇನೆ. ತಂದ ದಿನವೇ ಅಡುಗೆ ಮಾಡುವುದು ಒಳ್ಳೆಯದು; ಫ್ರಿಜ್‌ನಲ್ಲಿಟ್ಟರೂ ಒಂದೆರಡು ದಿನಕ್ಕಿಂತ ಹೆಚ್ಚು ಇಡಬಾರದು.

ಈಗ ಒಲೆಯ ಕೆಲಸ. ಅರ್ಧ ಕಿಲೋದಲ್ಲಿ ಕಂದನಕಾಯಿಯ ಪಾಲನ್ನು ಬೇರೆ ಮಾಡಿ, ಪ್ರತಿಯೊಂದನ್ನೂ ಮೂರು ನಾಲ್ಕು ಹೋಳಾಗಿ ಕತ್ತರಿಸಿ, ಅರಿಸಿನ, ಉಪ್ಪು, ಜಜ್ಜಿದ ಶುಂಠಿ ಮತ್ತು ಒಂದು ಲೋಟ ನೀರಿನೊಂದಿಗೆ ಕುಕ್ಕರಿಗೆ ಹಾಕುತ್ತೇನೆ. ಮೊದಲ ಕೂಗಿನ ಮೇಲೆ ಉರಿ ತಗ್ಗಿಸಿ ಇಪ್ಪತ್ತು ನಿಮಿಷ ಬಿಟ್ಟರೆ ಬ್ರಾಯ್ಲರ್ ಕಂದನಕಾಯಿ ಹಲ್ಲಿಗೆ ಹಿತವಾಗುವಷ್ಟು ಬೇಯುತ್ತದೆ, ನಾಟಿಯದಾದರೆ ಮೂವತ್ತೈದು ನಿಮಿಷವೂ ಬೇಕಾದೀತು. ಅಷ್ಟರಲ್ಲಿ ಒಂದು ಚಮಚ ಕಾಳುಮೆಣಸು, ಎರಡು ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಒಂದು ಚೂರು ಚಕ್ಕೆ, ಎರಡು ಲವಂಗಗಳನ್ನು ಬೆಚ್ಚಗೆ ಹುರಿದು ತರಿತರಿಯಾಗಿ ಕುಟ್ಟಿಕೊಳ್ಳುತ್ತೇನೆ. ಕಬ್ಬಿಣದ ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ ಕಾದ ಮೇಲೆ ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಮತ್ತು ಒಂದು ಹಿಡಿ ಸಾಂಬಾರ ಈರುಳ್ಳಿ ಹಾಕಿ, ಈರುಳ್ಳಿಯ ಅಂಚು ಕೆಂಪಾದಾಗ ಗುಂಡಿಗೆಗಳನ್ನೂ ಬೆಂದ ಕಂದನಕಾಯಿಯನ್ನೂ ಒಟ್ಟಿಗೆ ಸೇರಿಸಿ, ಸ್ವಲ್ಪ ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ ಬೇಯಿಸುತ್ತೇನೆ. ಕುಕ್ಕರಿನ ನೀರನ್ನು ಮಾತ್ರ ಬೇರೆ ಎತ್ತಿಡಬೇಕು.

ಲಿವರ್‌ಗೆ ಸರದಿ ಬರುವುದು ಕೊನೆಗೆ. ಕುಟ್ಟಿದ ಮಸಾಲೆಯಲ್ಲಿ ಸ್ವಲ್ಪವನ್ನು ಸಾರಿಗೆ ಉಳಿಸಿ ಮಿಕ್ಕದ್ದನ್ನು ಉದುರಿಸಿ, ಉರಿ ಜೋರು ಮಾಡಿ, ಬಾಣಲೆಯ ನಡುವೆ ಜಾಗ ಬಿಡಿಸಿ ಹೋಳುಗಳನ್ನು ಹರಡಿ ಎರಡು ನಿಮಿಷ ಸೌಟು ತಾಗಿಸದೆ ಬಿಡಬೇಕು. ತಳ ಕಂದು ಬಣ್ಣಕ್ಕೆ ತಿರುಗುವ ಮೊದಲೇ ಕೈಯಾಡಿಸಿದರೆ ಹೋಳು ಒಡೆದು ಗೊಜ್ಜಾಗುತ್ತದೆ. ಆಮೇಲೆ ಮಗುಚಿ ಹಾಕಿ, ಮುಚ್ಚಳವಿಲ್ಲದೆ ಇನ್ನು ಮೂರು ನಾಲ್ಕು ನಿಮಿಷ ಬೇಯಿಸಿದರೆ ಸಾಕು. ಒಂದು ದಪ್ಪ ಹೋಳನ್ನು ಮುರಿದು ನೋಡಿ: ನಡುವೆ ಕೆಂಪಾಗಲಿ ಗುಲಾಬಿಯಾಗಲಿ ಉಳಿದಿರಬಾರದು, ಆದರೆ ಬೆಣ್ಣೆಯ ಮೃದುತ್ವ ಇರಬೇಕು. ಹೋಟೆಲ್ ಅಡುಗೆಯವರಲ್ಲಿ ಕೆಲವರು ನಡುವೆ ಗುಲಾಬಿ ಇರುವ ಲಿವರನ್ನು ಹೊಗಳುತ್ತಾರೆ, ನಾನು ಒಪ್ಪುವುದಿಲ್ಲ. ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಕೋಳಿಯ ಲಿವರ್‌ನ ಒಳಭಾಗದಲ್ಲೂ ಇರಬಹುದು, ಮತ್ತು ಅದು 74 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಬೇಕು. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು.

ನಮ್ಮ ಮನೆಯಲ್ಲಿ ಲಿವರ್ ಮೊದಲು ಗಂಡಸರ ತಟ್ಟೆಗೆ, ಆಮೇಲೆ ಮಕ್ಕಳ ತಟ್ಟೆಗೆ ಹೋಗುತ್ತಿತ್ತು, ಅಡುಗೆ ಮಾಡಿದ ಅಜ್ಜಿ ಮತ್ತು ಅಮ್ಮನಿಗೆ ಸಾರು ಉಳಿಯುತ್ತಿತ್ತು. ಇದನ್ನು ಈಗ ನೆನೆದರೆ ಸಂಕಟವಾಗುತ್ತದೆ, ಏಕೆಂದರೆ ನೂರು ಗ್ರಾಂ ಬೆಂದ ಕೋಳಿ ಲಿವರ್‌ನಲ್ಲಿ ಸುಮಾರು 11 ಮಿಲಿಗ್ರಾಂ ಕಬ್ಬಿಣದ ಅಂಶವಿದೆ, ಬಿ12 ಮತ್ತು ಫೋಲೇಟ್ ಧಾರಾಳವಾಗಿವೆ. ಅತ್ತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಮಾಂಸಕ್ಕಿಂತ ಅಗ್ಗವಾಗಿ ಸಿಗುವ ಈ ಪದಾರ್ಥವನ್ನು ಅವರ ತಟ್ಟೆಗೇ ಮೊದಲು ಬಡಿಸಬೇಕೆಂದು ನಾನು ಹಟ ಹಿಡಿಯುತ್ತೇನೆ. ಆದರೆ ಗರ್ಭಿಣಿಯರ ವಿಷಯ ಬೇರೆ. ಅದೇ ನೂರು ಗ್ರಾಂ ಲಿವರ್‌ನಲ್ಲಿ ಸುಮಾರು 4,000 ಮೈಕ್ರೋಗ್ರಾಂ ಎ ಜೀವಸತ್ವವಿದೆ, ಅದು ಅತಿಯಾದರೆ ಭ್ರೂಣಕ್ಕೆ ತೊಂದರೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಗರ್ಭಿಣಿಯರು ಲಿವರ್ ತಿನ್ನಲೇಬಾರದೆಂದು ಹೇಳುತ್ತದೆ. ನನ್ನ ತಂಗಿ ಬಸುರಿಯಾಗಿದ್ದಾಗ ರಕ್ತವಾಗಲಿ ಎಂದು ಹಿರಿಯರು ವಾರಕ್ಕೆರಡು ಸಲ ಲಿವರ್ ಹುರಿದು ಕೊಡಲು ಹೊರಟಿದ್ದರು. ಅವರ ಪ್ರೀತಿಗೆ ನೋವಾಗದಂತೆ ಕಂದನಕಾಯಿ ಮತ್ತು ಗುಂಡಿಗೆಯನ್ನು ಮಾತ್ರ ಬಡಿಸುವಂತೆ ಒಪ್ಪಿಸಿದೆ. ಯೂರಿಕ್ ಆಮ್ಲ ಹೆಚ್ಚಿರುವವರೂ ಈ ಮೂರನ್ನೂ ದೂರವಿಡುವುದು ಕ್ಷೇಮ.

ಎತ್ತಿಟ್ಟ ಕುಕ್ಕರಿನ ನೀರಿಗೆ ಎರಡು ಟೊಮೆಟೊ ಕಿವುಚಿ, ಉಳಿದ ಮಸಾಲೆ ಪುಡಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕುದಿಸಿದರೆ ತೆಳ್ಳನೆಯ ಸಾರಾಗುತ್ತದೆ. ನಮ್ಮ ಮನೆಯಲ್ಲಿ ಈಗ ಬಿಸಿ ರಾಗಿ ಮುದ್ದೆಗೆ ಆ ಸಾರು, ಪಕ್ಕದಲ್ಲಿ ಒಂದು ಸೌಟು ಪಲ್ಯ, ಮತ್ತು ಲಿವರ್‌ನ ಮೊದಲ ಹೋಳು ಅಮ್ಮನ ತಟ್ಟೆಗೆ.