ವ್ಯಾನಿನ ಎ.ಸಿ. ಬೆಲ್ಟ್ ಬದಲಿಸಿದ ದಿನ

ನಮ್ಮ ವ್ಯಾನಿನಲ್ಲಿ ಎ.ಸಿ. ಸ್ವಿಚ್ ಒತ್ತಿದ ಕೂಡಲೇ ಎಂಜಿನ್ ಕಡೆಯಿಂದ ಕಿರ್ರೆಂಬ ಸದ್ದೊಂದು ಎದ್ದು, ಎರಡು ಮೂರು ಸೆಕೆಂಡುಗಳಲ್ಲಿ ಅಡಗಿಹೋಗುತ್ತಿತ್ತು. ಮೊದಮೊದಲು ಬೆಳಗಿನ ಹೊತ್ತು ಮಾತ್ರ ಕೇಳಿಸುತ್ತಿದ್ದ ಆ ಸದ್ದು ಬರಬರುತ್ತಾ ಮಧ್ಯಾಹ್ನವೂ ಕೇಳತೊಡಗಿತು. ಅದರ ಜೊತೆಗೆ, ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ತಂಪು ಕುಗ್ಗುವುದೂ ಅನುಭವಕ್ಕೆ ಬಂತು. ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಹೇಳುವುದು ಗ್ಯಾಸ್ ತುಂಬಿಸಬೇಕೆಂದು. ಆದರೆ ಗ್ಯಾಸ್ ಕಡಿಮೆಯಾದರೆ ತಂಪು ಕುಗ್ಗುತ್ತದೆಯೇ ಹೊರತು, ಸ್ವಿಚ್ ಒತ್ತಿದ ಕ್ಷಣದಲ್ಲೇ ಹೀಗೆ ಕಿರುಚುವುದಿಲ್ಲ.

ಆ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ತಿಳಿದರೆ ಸದ್ದಿನ ಮೂಲ ತಾನಾಗಿಯೇ ತಿಳಿಯುತ್ತದೆ. ಎಂಜಿನ್ ಓಡುತ್ತಿರುವಷ್ಟು ಕಾಲವೂ ಬೆಲ್ಟ್ ಎಂಬ ರಬ್ಬರ್ ಪಟ್ಟಿಯು, ಎ.ಸಿ. ಗ್ಯಾಸನ್ನು ಒತ್ತುವ ಕಂಪ್ರೆಸರಿನ ಪುಲ್ಲಿಯನ್ನು, ಅಂದರೆ ಬೆಲ್ಟ್ ಕೂರುವ ಗಾಲಿಯನ್ನು, ತಿರುಗಿಸುತ್ತಲೇ ಇರುತ್ತದೆ; ಎ.ಸಿ. ಆರಿಸಿದ್ದಾಗ ಆ ಪುಲ್ಲಿ ತನ್ನ ಬೇರಿಂಗಿನ (ಗುಂಡುಗಳ ಮೇಲೆ ತಿರುಗುವ ಉಂಗುರದ) ಮೇಲೆ ಸುಮ್ಮನೆ ಸುತ್ತುತ್ತದೆ, ಅಷ್ಟೆ. ಸ್ವಿಚ್ ಒತ್ತಿದಾಗ ವಿದ್ಯುತ್ಕಾಂತದ ಕ್ಲಚ್ 'ಟಕ್' ಎಂದು ಅಂಟಿಕೊಂಡು, ನಿಶ್ಚಲವಾಗಿದ್ದ ಕಂಪ್ರೆಸರನ್ನು ಒಮ್ಮೆಲೇ ಪುಲ್ಲಿಗೆ ಜೋಡಿಸುತ್ತದೆ. ಕೆಲವು ಕಿಲೋವ್ಯಾಟ್‌ನಷ್ಟು ಹೊರೆ ಹೀಗೆ ಹಠಾತ್ತನೆ ಬೀಳುವಾಗ, ಸವೆದ ಅಥವಾ ಸಡಿಲವಾದ ಬೆಲ್ಟ್ ಹಿಡಿತ ತಪ್ಪಿ ಜಾರುತ್ತದೆ, ಜಾರುವಾಗ ಕಿರುಚುತ್ತದೆ. ಎ.ಸಿ. ಬಳಸದಿದ್ದರೆ ಬೆಲ್ಟ್ ಸವೆಯುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ; ಅದು ಸರಿಯಲ್ಲ. ಹೊರೆ ಇಲ್ಲದಿದ್ದರೂ ಬೆಲ್ಟ್ ಎಂಜಿನ್ನಿನೊಂದಿಗೆ ಪ್ರತಿ ಸುತ್ತೂ ಓಡುತ್ತದೆ, ಬಾಗುತ್ತದೆ, ಬಿಸಿಯಾಗುತ್ತದೆ.

ಬಿಚ್ಚುವ ಮೊದಲು ಸರಳವಾದೊಂದು ಪರೀಕ್ಷೆ ಮಾಡಿದೆ. ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟುಕೊಂಡು, ಓಡುತ್ತಿರುವ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಸಿಂಪಡಿಸುವುದು ಆ ಪರೀಕ್ಷೆ. ನೀರು ಬಿದ್ದಾಗ ಸದ್ದು ತುಸು ಹೊತ್ತು ನಿಂತರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ ಎಂದು ಶಂಕಿಸಬೇಕು. ಸದ್ದು ಹೆಚ್ಚಾದರೆ ಬೆಲ್ಟಿನ ಬಿಗಿ ಸಾಲದೆಂದು ತಿಳಿಯಬೇಕು. ನಮ್ಮದರಲ್ಲಿ ಸದ್ದು ಹೆಚ್ಚಾಯಿತು.

ಕೆಲಸಕ್ಕೆ ರಜೆಯ ದಿನವೊಂದನ್ನು ಆರಿಸಿಕೊಂಡೆ. ಸಹಾಯಕ್ಕೆ ತಮ್ಮ ಬಂದಿದ್ದ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೀಲಿ ತೆಗೆದು, ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಅಡೆ ಕೊಟ್ಟೆವು. ಬೆಲ್ಟ್ ಇರುವ ಕಡೆಯ ಮುಂಗಾಲಿಯನ್ನು ಕಳಚಿ, ಅದರ ಹಿಂದಿನ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದರೆ ಪುಲ್ಲಿಗಳೆಲ್ಲ ಎದುರಿಗೇ ಕಾಣುತ್ತವೆ. ಜ್ಯಾಕ್ ಗಾಡಿಯನ್ನು ಎತ್ತುವುದಕ್ಕೆ ಮಾತ್ರ; ಎತ್ತಿದ ಮೇಲೆ ಭಾರವನ್ನು ಸ್ಟ್ಯಾಂಡ್ ಹೊರಬೇಕು. ಈ ಒಂದು ವಿಷಯದಲ್ಲಿ ಆತುರಪಡುವವರನ್ನು ನಾನು ಗಾಡಿಯ ಹತ್ತಿರವೂ ಬಿಡುವುದಿಲ್ಲ.

ಎ.ಸಿ. ವ್ಯವಸ್ಥೆ ಎಂದೊಡನೆ ಗ್ಯಾಸ್ ಸೋರಿಹೋಗುತ್ತದೆಂದು ಹೆದರುವವರಿದ್ದಾರೆ. ಬೆಲ್ಟ್ ಬದಲಿಸುವಾಗ ಗ್ಯಾಸಿನ ಕೊಳವೆಗಳನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ನಮ್ಮ ವ್ಯಾನಿನಲ್ಲಿ ಎ.ಸಿ.ಗೆ ಪ್ರತ್ಯೇಕ ಬೆಲ್ಟ್ ಇದೆ. ಅದು ಎಂಜಿನ್ ನೇರವಾಗಿ ತಿರುಗಿಸುವ ಕ್ರ್ಯಾಂಕ್ ಪುಲ್ಲಿ, ಕಂಪ್ರೆಸರ್ ಮತ್ತು ಬಿಗಿ ಹೊಂದಿಸುವ ಐಡ್ಲರ್ ಪುಲ್ಲಿ, ಈ ಮೂರನ್ನು ಬಳಸಿಕೊಂಡು ಓಡುತ್ತದೆ. ಎಲ್ಲ ವಾಹನಗಳಲ್ಲೂ ಹೀಗಿರುವುದಿಲ್ಲ. ಒಂದೇ ಉದ್ದನೆಯ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಎಂಜಿನ್ ತಣಿಸುವ ನೀರಿನ ಪಂಪನ್ನೂ ಕಂಪ್ರೆಸರನ್ನೂ ಒಟ್ಟಿಗೆ ಓಡಿಸುವ ಗಾಡಿಗಳಿವೆ. ಅಲ್ಲಿ ಸ್ಪ್ರಿಂಗ್ ಇರುವ ಟೆನ್ಷನರ್ ತಾನಾಗಿಯೇ ಬಿಗಿ ಕಾಯುತ್ತದೆ. ಅಂಥ ಬೆಲ್ಟ್ ಹರಿದರೆ ಎಂಜಿನ್ ಕಾದು ದಾರಿಯಲ್ಲೇ ನಿಲ್ಲಬೇಕಾಗುತ್ತದೆ. ನಮ್ಮದು ಹರಿದಿದ್ದರೆ ತಂಪು ಹೋಗುತ್ತಿತ್ತು, ಗಾಡಿ ಓಡುತ್ತಿತ್ತು. ಆದರೂ ಹರಿದ ಬೆಲ್ಟಿನ ನೂಲುಗಳು ಪಕ್ಕದ ಬೆಲ್ಟಿಗೆ ಸುತ್ತಿಕೊಳ್ಳುವ ಅಪಾಯ ಇರುವುದರಿಂದ ಅದನ್ನು ಹಗುರವಾಗಿ ಕಾಣುವಂತಿರಲಿಲ್ಲ.

ಬೆಲ್ಟ್ ಓಡುವ ದಾರಿಯ ಚಿತ್ರ ತೆಗೆದುಕೊಂಡು, ಐಡ್ಲರ್ ಪುಲ್ಲಿಯ ನಡುವಿನ ನಟ್ಟನ್ನು ಸಡಿಲಿಸಿ, ಮೇಲಿನ ಹೊಂದಿಕೆ ಬೋಲ್ಟನ್ನು ತಿರುಗಿಸಿದೊಡನೆ ಪುಲ್ಲಿ ಕೆಳಗಿಳಿದು ಬೆಲ್ಟ್ ಸಡಿಲವಾಯಿತು. ಹೊರತೆಗೆದು ಬೆಳಕಿನಲ್ಲಿ ತಿರುಗಿಸಿ ನೋಡಿದಾಗ ಬಿರುಕುಗಳೇ ಇರಲಿಲ್ಲ. ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಹಿಂದಿನ ಕಾಲದ ನಿಯೋಪ್ರೀನ್ ಬೆಲ್ಟುಗಳು ಹಳತಾದಂತೆ ಅಡ್ಡಡ್ಡ ಬಿರಿಯುತ್ತಿದ್ದವು. ಬಿರುಕು ಎಣಿಸಿ ಆಯಸ್ಸು ಅಳೆಯುವ ರೂಢಿ ಬಂದದ್ದು ಆಗಲೇ. ಈಗಿನ ಬೆಲ್ಟುಗಳು ಬಹುಮಟ್ಟಿಗೆ ಇ.ಪಿ.ಡಿ.ಎಂ. ಎಂಬ ರಬ್ಬರಿನವು. ಅವು ಸಾಮಾನ್ಯವಾಗಿ ಬಿರಿಯದೆ, ಟೈರಿನ ಹಾಗೆ ಕಣ ಕಣವಾಗಿ ಸವೆಯುತ್ತವೆ. ಒಳಮೈಯಲ್ಲಿ ಉದ್ದಕ್ಕೂ ಉಬ್ಬಿರುವ ಏಣುಗಳ ನಡುವಿನ ತೋಡು ಅಗಲವಾಗುತ್ತಾ ಆಳವಾಗುತ್ತಾ ಹೋಗಿ, ಕೊನೆಗೆ ಪುಲ್ಲಿಯ ಏಣು ತೋಡಿನ ತಳಕ್ಕೆ ತಾಗತೊಡಗುತ್ತದೆ. ಆಗ ಪಕ್ಕದ ಗೋಡೆಗಳಲ್ಲಿ ಸಿಗಬೇಕಾದ ಹಿಡಿತ ಸಿಗುವುದಿಲ್ಲ. ಮೇಲುನೋಟಕ್ಕೆ ಒಳ್ಳೆಯದಾಗಿ ಕಾಣುವ ಬೆಲ್ಟ್ ಜಾರುವುದು ಇದೇ ಕಾರಣಕ್ಕೆ. ನಮ್ಮದರ ಏಣುಗಳು ಚೂಪಾಗಿ, ಗೋಡೆಗಳು ಗಾಜಿನಂತೆ ಮಿರುಗುತ್ತಿದ್ದವು. ಅಷ್ಟೇ ಆಗಿದ್ದರೆ ಹೊಸದನ್ನು ಹಾಕಿ ಕೆಲಸ ಮುಗಿಸಬಹುದಿತ್ತು. ಆದರೆ ಒಂದು ಅಂಚು ಮಾತ್ರ ಕಿತ್ತು, ಒಳಗಿನ ನೂಲು ಹೊರಗೆ ಇಣುಕುತ್ತಿತ್ತು. ಇನ್ನೊಂದು ಅಂಚು ಸರಿಯಾಗಿತ್ತು. ವಯಸ್ಸಿನಿಂದ ಸವೆದ ಬೆಲ್ಟ್ ಹೀಗೆ ಒಂದೇ ಕಡೆ ಸವೆಯುವುದಿಲ್ಲ.

ಆದ್ದರಿಂದ ಹೊಸ ಬೆಲ್ಟನ್ನು ಬದಿಗಿಟ್ಟು ಪುಲ್ಲಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಕಂಪ್ರೆಸರಿನ ಪುಲ್ಲಿ ಸದ್ದಿಲ್ಲದೆ ತಿರುಗಿತು, ಅಲುಗಾಡಲಿಲ್ಲ. ಐಡ್ಲರ್ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದರೆ ಗರಗರ ಎನ್ನುತ್ತಾ ಬಹಳ ಹೊತ್ತು ಸುತ್ತುತ್ತಲೇ ಇತ್ತು. ಸರಾಗವಾಗಿ ಸುತ್ತುವುದನ್ನು ಕಂಡು ಬೇರಿಂಗ್ ಚೆನ್ನಾಗಿದೆ ಎಂದು ಭಾವಿಸುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧ. ಗ್ರೀಸ್ ತುಂಬಿದ ಒಳ್ಳೆಯ ಬೇರಿಂಗ್ ಒಂದೆರಡು ಸುತ್ತು ತಿರುಗಿ ಮೆತ್ತಗೆ ನಿಲ್ಲುತ್ತದೆ. ಗ್ರೀಸ್ ಒಣಗಿಹೋದದ್ದೇ ಹೀಗೆ ಸದ್ದು ಮಾಡುತ್ತಾ ಸುತ್ತುವುದು. ಪುಲ್ಲಿಯ ಅಂಚನ್ನು ಹಿಡಿದು ಆಡಿಸಿದಾಗ ಅದು ಸ್ಪಷ್ಟವಾಗಿ ಓಲಾಡಿತು. ಆ ಓಲಾಟದಿಂದಲೇ ಪುಲ್ಲಿ ವಾಲಿ, ಬೆಲ್ಟಿನ ಒಂದು ಅಂಚು ಉಜ್ಜುತ್ತಿತ್ತು, ಬಿಗಿಯೂ ನಿಲ್ಲುತ್ತಿರಲಿಲ್ಲ. ಇದನ್ನು ಹಾಗೆಯೇ ಬಿಟ್ಟು ಹೊಸ ಬೆಲ್ಟ್ ಹಾಕಿದ್ದರೆ, ಅದಕ್ಕೂ ಅದೇ ಗತಿ ಬಹಳ ಬೇಗ ಬರುತ್ತಿತ್ತು.

ಬೇರಿಂಗಿನ ಸೀಲಿನ ಮೇಲೆ 6203 ಎಂಬ ಸಂಖ್ಯೆ ಓದಲು ಬರುವಂತಿತ್ತು. ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್ ಇರುವ ಈ ಅಳತೆ ಜಗತ್ತಿನಾದ್ಯಂತ ಒಂದೇ. ಯಾವ ತಯಾರಕರದಾದರೂ ಕೂರುತ್ತದೆ. ಎರಡೂ ಬದಿಗೆ ರಬ್ಬರ್ ಸೀಲ್ ಇರುವುದನ್ನೇ ತರಿಸಿ, ಹೊರ ಉಂಗುರದ ಮೇಲೆ ಮಾತ್ರ ಒತ್ತಡ ಬೀಳುವಂತೆ ಸಮನಾಗಿ ಒತ್ತಿ ಪುಲ್ಲಿಯೊಳಗೆ ಕೂರಿಸಿದೆವು. ಒಳ ಉಂಗುರಕ್ಕೆ ಪೆಟ್ಟು ಕೊಟ್ಟರೆ ಗುಂಡುಗಳ ಮೂಲಕ ಪೆಟ್ಟು ಹಾದುಹೋಗಿ, ಹೊಸ ಬೇರಿಂಗ್ ಹಾಕುವ ಮೊದಲೇ ಹಾಳಾಗುತ್ತದೆ. ನಂತರ ನೇರವಾದ ಉಕ್ಕಿನ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಹಿಡಿದು, ಮೂರೂ ಒಂದೇ ನೇರದಲ್ಲಿವೆಯೆಂದು ಖಚಿತಪಡಿಸಿಕೊಂಡೆ. ಪುಲ್ಲಿಗಳ ತೋಡುಗಳಲ್ಲಿ ಮೆತ್ತಿದ್ದ ರಬ್ಬರ್ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದೆ. ಸದ್ದು ನಿಲ್ಲಿಸಲು ಬೆಲ್ಟಿಗೆ ಎಣ್ಣೆಯನ್ನೋ ಸ್ಪ್ರೇಯನ್ನೋ ಹಾಕುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಎಣ್ಣೆ ರಬ್ಬರನ್ನು ಕೆಡಿಸುತ್ತದೆ, ಸ್ಪ್ರೇ ಧೂಳನ್ನು ಅಂಟಿಸಿಕೊಳ್ಳುತ್ತದೆ, ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ.

ಹಳೆಯ ಬೆಲ್ಟಿನ ಬೆನ್ನ ಮೇಲೆ 4ಪಿಕೆ ಎಂಬಷ್ಟು ಮಾತ್ರ ಉಳಿದಿತ್ತು. ಮೊದಲ ಅಂಕಿ ಏಣುಗಳ ಸಂಖ್ಯೆ. ಪಿಕೆ ಎಂಬುದು ಏಣಿನಿಂದ ಏಣಿಗೆ 3.56 ಮಿಲಿಮೀಟರ್ ಅಂತರವಿರುವ ಬಗೆ. ಮುಂದಿನ ಅಂಕಿಗಳು ಮಿಲಿಮೀಟರಿನಲ್ಲಿ ಉದ್ದ. ಅಳಿಸಿಹೋಗಿದ್ದ ಉದ್ದವನ್ನು ಊಹಿಸದೆ, ಚಾಸಿ ಸಂಖ್ಯೆಯ ಪ್ರಕಾರ ಬಿಡಿಭಾಗಗಳ ಪಟ್ಟಿಯಿಂದಲೇ ಮೊದಲು ತಿಳಿದುಕೊಂಡಿದ್ದೆ. ಹೊಸ ಬೆಲ್ಟನ್ನು ಹಾಕುವಾಗ ನಾಲ್ಕೂ ಏಣುಗಳು ಪ್ರತಿ ಪುಲ್ಲಿಯ ತೋಡುಗಳಲ್ಲಿ ಕೂತಿವೆಯೇ ಎಂದು ಕಣ್ಣಿನಿಂದ ನೋಡಿ, ಕಾಣದ ಕಡೆ ಬೆರಳಿನಿಂದ ಮುಟ್ಟಿ ಪರೀಕ್ಷಿಸಿದೆ. ಒಂದು ಏಣು ಪಕ್ಕಕ್ಕೆ ಸರಿದು ಕೂತರೂ ಬೆಲ್ಟ್ ಸ್ವಲ್ಪ ಹೊತ್ತಿನಲ್ಲೇ ಸೀಳಿಹೋಗುತ್ತದೆ.

ಬಿಗಿ ಹೊಂದಿಸುವುದೇ ಈ ಕೆಲಸದ ಜೀವಾಳ. ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಮಧ್ಯದಲ್ಲಿ ಸುಮಾರು 10 ಕಿಲೋಗ್ರಾಂ ಬಲದಿಂದ ಒತ್ತಿದಾಗ ಬೆಲ್ಟ್ ಎಷ್ಟು ಮಿಲಿಮೀಟರ್ ಬಾಗಬೇಕೆಂದು ಕೈಪಿಡಿ ಹೇಳುತ್ತದೆ. ಹೊಸ ಬೆಲ್ಟಿಗೊಂದು ಅಳತೆ, ಓಡಿದ ಬೆಲ್ಟಿಗೆ ಅದಕ್ಕಿಂತ ತುಸು ಸಡಿಲವಾದ ಇನ್ನೊಂದು ಅಳತೆ. ಐದು ನಿಮಿಷ ಓಡಿದರೂ ಅದು ಓಡಿದ ಬೆಲ್ಟೇ, ಏಕೆಂದರೆ ಅಷ್ಟರಲ್ಲಿ ಅದು ತೋಡುಗಳಲ್ಲಿ ಇಳಿದು ಕೂರುತ್ತದೆ. ಜಾರದಿರಲೆಂದು ಅತಿಯಾಗಿ ಬಿಗಿದರೆ ಆ ಎಳೆತವನ್ನೆಲ್ಲ ಕಂಪ್ರೆಸರಿನ ಮತ್ತು ಐಡ್ಲರಿನ ಬೇರಿಂಗುಗಳು ಹೊರಬೇಕಾಗುತ್ತದೆ. ಸ್ಕೇಲ್ ಹಿಡಿದು ಒತ್ತಿ ನೋಡುತ್ತಾ, ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ನಡುವಿನ ನಟ್ಟನ್ನು ಬಿಗಿದು, ಮತ್ತೊಮ್ಮೆ ಅಳೆದೆ. ನಟ್ಟು ಬಿಗಿಯುವಾಗ ಅಳತೆ ತುಸು ಬದಲಾಗುವುದುಂಟು. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ಸುತ್ತಿಸಿ, ಬೆಲ್ಟ್ ಪಕ್ಕಕ್ಕೆ ಸರಿಯುವುದಿಲ್ಲವೆಂದು ನೋಡಿದ ಮೇಲೆ ಮುಚ್ಚಳವನ್ನೂ ಗಾಲಿಯನ್ನೂ ಹಾಕಿ, ಗಾಡಿಯನ್ನು ಇಳಿಸಿ, ಬ್ಯಾಟರಿ ಜೋಡಿಸಿದೆವು.

ತಮ್ಮ ಒಳಗೆ ಕೂತು ಎಂಜಿನ್ ಚಾಲೂ ಮಾಡಿ, "ಅಣ್ಣಾ, ಈಗ ಎ.ಸಿ. ಹಾಕಲಾ?" ಎಂದು ಕೇಳಿದ. ಕ್ಲಚ್ಚಿನ 'ಟಕ್' ಮಾತ್ರ ಕೇಳಿಸಿತು, ಎಂಜಿನ್ನಿನ ವೇಗ ಕ್ಷಣಕಾಲ ಕುಗ್ಗಿ ಸರಿಹೋಯಿತು. ಹತ್ತಾರು ಸಲ ಹಾಕಿ ಆರಿಸಿದರೂ ಕಿರುಚಾಟವಿರಲಿಲ್ಲ; ನಿಂತಲ್ಲೇ ಓಡುವಾಗಲೂ ತಂಪು ಸಮನಾಗಿ ಬರುತ್ತಿತ್ತು. ಎಂಜಿನ್ ಆರಿಸಿ ಬಿಗಿಯನ್ನು ಮತ್ತೆ ಅಳೆದಾಗ ಅದು ಓಡಿದ ಬೆಲ್ಟಿನ ಮಿತಿಯೊಳಗೇ ಇತ್ತು. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಮುಚ್ಚಳ ತೆಗೆದು ನೋಡಿದೆ: ಅಂಚುಗಳೆರಡೂ ಒಂದೇ ರೀತಿ ಇದ್ದವು, ಐಡ್ಲರ್ ಓಲಾಡಲಿಲ್ಲ, ಹೊಂದಿಕೆ ಬೋಲ್ಟನ್ನು ಕಾಲು ಸುತ್ತಿನಷ್ಟು ಮಾತ್ರ ಬಿಗಿಯಬೇಕಾಯಿತು.